ತೊಡೆಯ ಮೇಲೆ ಬಂದ ಡಿಸ್ಕು

ಗಿರಿಜಕ್ಕಾ, ನಿಮ್ಮ ಯಜಮಾನರು ಹನ್ನೊಂದು ವರ್ಷ ಬರೆದ ಹೊಳೆಯ ದಿನಚರಿಯನ್ನು ಅಳಿಸಿದವನು ನಾನು. ಬಸ್ಸಿನ ತಪ್ಪಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ. ಆರು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡಿದ್ದೇನೆ, ತೇಗಿದ್ದೇನೆ — ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಲೇತ್ ಕೆಲಸದಿಂದ ನಿವೃತ್ತರಾದ ಮೇಲೆ ಅವರು ದಿನಾ ಬೆಳಿಗ್ಗೆ ಹರಿಹರದ ಹೊಳೆ ದಂಡೆಗೆ ಹೋಗುತ್ತಿದ್ದರು. ನೀರು ಎಷ್ಟನೇ ಮೆಟ್ಟಿಲಿಗೆ ಬಂದಿದೆ, ಬಣ್ಣ ಹೇಗಿದೆ ಎಂದು ನೋಡಿ, ಒಂದು ಫೋಟೊ ತೆಗೆದು, ಮನೆಗೆ ಬಂದು ಟೈಪ್ ಮಾಡುವುದು. ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶ ಹಾಕಿಕೊಟ್ಟವನೂ ನಾನೇ. "ವೈರಸ್ ಹತ್ತಲ್ಲ ಸರ್, ಕಣ್ಮುಚ್ಚಿ ನಂಬ್ರಿ" ಎಂದಿದ್ದೆ. ನಂಬಿದರು.

ಫೋಟೊ ಹೆಚ್ಚಾಗಿ ಡಿಸ್ಕ್ ತುಂಬಿತು. ಎಲ್ಲವನ್ನೂ ದೊಡ್ಡ ಡಿಸ್ಕಿಗೆ ಸಾಗಿಸಬೇಕಿತ್ತು. ಆ ವಾರ ಅವರಿಗೆ ಜ್ವರ. ನೀವೇ ಸಿಪಿಯುವನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಗೆ, ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ತಂದಿರಿ.

ನಾನು ಲಿನಕ್ಸನ್ನು ಹೊಸ ಡಿಸ್ಕಿಗೆ ನಕಲು ಮಾಡಿದೆ. ಅವರ ಫೈಲುಗಳು ಹಳೆಯದರ ಬೇರೊಂದು ಭಾಗದಲ್ಲಿದ್ದವು — ಆ ಭಾಗ ಮರೆತೆ. ಎರಡೂ ಡಿಸ್ಕ್ ಜೋಡಿಸಿಕೊಂಡೇ ಚಾಲೂ ಮಾಡಿದ್ದರಿಂದ ಹೊಸದು ಹಳೆಯದರೊಳಗಿನ ಫೈಲುಗಳನ್ನೇ ತೋರಿಸಿತು. ಹೊಳೆ, ಮೆಟ್ಟಿಲು, ಎಲ್ಲ ಕಂಡವು. ಹಳೆಯದನ್ನು ಬಿಚ್ಚಿಟ್ಟು ಇನ್ನೊಮ್ಮೆ ನೋಡಬೇಕಿತ್ತು. ಈ ಕೆಲಸದ ಮೊದಲ ಪಾಠವೇ ಅದು. ನೋಡಲಿಲ್ಲ. ಯಾಕೆಂದರೆ ಆ ಹಳೆಯ ಡಿಸ್ಕಿನ ಮೇಲೆ ನನಗೆ ಕಣ್ಣಿತ್ತು. ಅಂಗಡಿಯ ಕಂಪ್ಯೂಟರಿಗೆ ಆಗುತ್ತದೆಂದು, ನಿಮ್ಮನ್ನು ಒಂದು ಮಾತೂ ಕೇಳದೆ, ಪೂರ್ತಿ ಒರೆಸಿ ನನ್ನದನ್ನು ತುಂಬಿಕೊಂಡೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ — ನನ್ನ ಮಾನ ಅಷ್ಟಕ್ಕೇ ಹೋಯಿತು.

ಸಂಜೆ ನೀವು ಬರುವ ಹೊತ್ತಿಗೆ ಹೊಸ ಡಿಸ್ಕೊಂದನ್ನೇ ಹಾಕಿ ಚಾಲೂ ಮಾಡಿದರೆ, ಅದರಲ್ಲಿ ದಿನಚರಿಯೇ ಇರಲಿಲ್ಲ. ನಿಜ ಹೇಳಲೆಂದೇ ಬಾಯಿ ತೆರೆದೆ, ಆದರೆ —

"ಅಕ್ಕಾ, ಬಸ್ಸಿನಾಗೆ ಕುಲುಕಾಡಿ ಹಳೇ ಡಿಸ್ಕ್ ಹೋಗೈತೆ."

"ತೊಡಿ ಮ್ಯಾಲೇ ಇಟ್ಕಂಡಿದ್ನಲ್ಲಪ್ಪಾ..." ಎಂದಿರಿ. ಆಮೇಲೆ ನಿಮ್ಮ ಕೈಗಳನ್ನೇ ನೋಡಿಕೊಂಡಿರಿ.

ಅವರು ಹೊಳೆಗೆ ಹೋಗುವುದನ್ನು ಬಿಟ್ಟರೆಂದು ಕೇಳಿದೆ. ಆಗಲೂ ಸುಮ್ಮನಿದ್ದೆ. ಹೋದ ತಿಂಗಳು ಮಲೆಬೆನ್ನೂರಿನ ಮದುವೆಯಲ್ಲಿ ನೀವು ಬಡಿಸಲೆಂದು ಪಾಯಸದ ಬಕೆಟ್ಟಿಗೆ ಕೈ ಹಾಕಿದಿರಿ.

"ಆಕಿ ಕೈಗೆ ಕೊಡಬ್ಯಾಡ್ರಿ, ಕುಲುಕಿ ಹಾಳ್ ಮಾಡ್ತಾಳೆ" ಎಂದರು ನಿಮ್ಮ ಯಜಮಾನರು.

ಪಂಕ್ತಿಯೆಲ್ಲ ನಕ್ಕಿತು. ನೀವು ಬಕೆಟ್ ಕೆಳಗಿಟ್ಟು ಒಳಗೆ ಹೋದಿರಿ. ಎಲೆಯ ಮುಂದೆ ಕೂತಿದ್ದ ನಾನೂ ನಕ್ಕೆ, ಅಕ್ಕಾ. ನಕ್ಕು, ಪಾಯಸ ಹಾಕಿಸಿಕೊಂಡು ತಿಂದೆ. ಥೂ — ಇಂಥವನೂ ಒಬ್ಬ ಮನುಷ್ಯನೇ?

ಕ್ಷಮಿಸಿ ಅನ್ನುವುದಿಲ್ಲ, ಹಾಗಂದುಬಿಟ್ಟರೆ ನೀವು ಕ್ಷಮಿಸಿಬಿಡುತ್ತೀರಿ. ಭಾನುವಾರ ಹರಿಹರಕ್ಕೆ ಬರುತ್ತೇನೆ. ಬೈಯಲಿ, ಹೊಡೆಯಲಿ, ಅವರೆದುರು ನಿಂತು ಇಷ್ಟನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ನಿಮಗೆ ಗೊತ್ತಾಗಬೇಕು — ನಿಮ್ಮ ತೊಡೆಯ ಮೇಲೆ ಬಂದ ಡಿಸ್ಕಿಗೆ ಏನೂ ಆಗಿರಲಿಲ್ಲ. ಅದು ಇವತ್ತಿಗೂ ನನ್ನ ಅಂಗಡಿಯಲ್ಲಿ ಓಡುತ್ತಿದೆ.