ಅಂಗಳ ಸಾರಿಸಿದ ಕೈ

ಹರಿಹರದ ನಮ್ಮ ಓಣಿಯಲ್ಲಿ ಇವತ್ತಿಗೂ ಒಂದೇ ಮಾತು: ಚಿಕ್ಕಮ್ಮ ಔಷಧಿ ಕುಡಿದು ಸತ್ತಳು. ಭತ್ತಕ್ಕೆ ಹೊಡೆಯುವ ಕೀಟನಾಶಕ ಮನೆಯಲ್ಲಿತ್ತು, ಹೆಂಗಸು ಬಾಯಲ್ಲಿ ನೊರೆ ಬಂದು ಬಿದ್ದಿದ್ದಳು. ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ಸರಿ, ನನ್ನದೂ ಒಂದು ಪ್ರಶ್ನೆ ಇರಲಿ. ಸಾಯಲು ಹೊರಟವಳು ಮೊದಲು ಕೂತು ಅಂಗಳ ಸಾರಿಸುತ್ತಾಳೆಯೇ?

ಅವತ್ತು ಸೋಮವಾರ. ಚಿಕ್ಕಪ್ಪ ಗದ್ದೆಗೆ ಹೊರಟಾಗ ಬೈಕಿಗೆ ಕಟ್ಟಿದ್ದ ಕ್ಯಾನು ಜಾರಿ, ಮುಚ್ಚಳ ಬಿಚ್ಚಿ, ಔಷಧಿಯೆಲ್ಲ ಅಂಗಳಕ್ಕೆ ಚೆಲ್ಲಿತ್ತು. ಒಣ ಮಣ್ಣೋ ಬೂದಿಯೋ ಸುರಿದು ಹೀರಿಸಬೇಕಿತ್ತು, ಗ್ಲೌಸು ಹಾಕಿಕೊಂಡು ಸಲಿಕೆಯಲ್ಲಿ ಬಳಿದು ತೆಗೆಯಬೇಕಿತ್ತು. ಆದರೆ ನಮ್ಮಲ್ಲಿ ಅಂಗಳಕ್ಕೆ ಹಾಲು ಚೆಲ್ಲಲಿ, ವಿಷ ಚೆಲ್ಲಲಿ, ಶುದ್ಧ ಮಾಡುವುದು ಒಂದೇ ರೀತಿ: ನೀರು ಸುರಿ, ಸಗಣಿ ಬಳಿ. ಅದರಲ್ಲೂ ಸೋಮವಾರ, ಪೂಜೆಗೆ ಮುಂಚೆ. ಚಿಕ್ಕಮ್ಮ ಮಂಡಿಯೂರಿ, ಬರಿಗೈಯಲ್ಲಿ, ಆ ವಿಷವನ್ನು ಅಂಗಳದ ತುಂಬ ಸಾರಿಸಿದಳು. ಚಿಕ್ಕಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದ; ಆಮೇಲೆ ನನಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದ್ದೂ ಅವನೇ.

ನಾನು ವಿದ್ಯಾನಗರದ ಹಾಸ್ಟೆಲಿನಿಂದ ದಾವಣಗೆರೆಯ ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಅವಳ ಹೊಟ್ಟೆ ತೊಳೆದಾಗಿತ್ತು. ಕುಡಿದಾಳೆ ಎಂದು ಜೊತೆಗೆ ಬಂದಿದ್ದ ಪಕ್ಕದ ಮನೆಯಾಕೆ ಹೇಳಿದ್ದಳು. ಚಿಕ್ಕಮ್ಮನ ಮೈಮೇಲೆ ಇನ್ನೂ ಅದೇ ಸೀರೆ, ಮಂಡಿಯ ಹತ್ತಿರ ಒದ್ದೆ, ಘಾಟು. ಉಗುರಸಂದಿಯಲ್ಲಿ ಸಗಣಿ.

"ಸರ್, ಕೈ ನೋಡ್ರಿ. ಕುಡಿದಿಲ್ಲ ಇವಳು. ಚರ್ಮದಿಂದ ಒಳಗೆ ಹೋಗೈತೆ," ಎಂದೆ ಡಾಕ್ಟರಿಗೆ.

"ಚರ್ಚಾಸ್ಪರ್ಧೇಲಿ ಕಪ್ ಹೊಡ್ಕಂಡು ಬಂದೋಳಲ್ಲ ನೀನು," ಎಂದಳು ಪಕ್ಕದ ಮನೆಯಾಕೆ. "ಇಲ್ಲೂ ವಾದ ಬ್ಯಾಡ ತಾಯಿ. ದೊಡ್ಡೋರು ಅದಾರೆ."

ಡಾಕ್ಟರು ಚಿಕ್ಕಪ್ಪನ ಕಡೆ ತಿರುಗಿದರು. "ಏನ್ರಿ, ಮೈಮೇಲೆ ಬಿದ್ದಿತ್ತಾ?"

ಚಿಕ್ಕಪ್ಪ ತಲೆ ಎತ್ತಲಿಲ್ಲ. ಡಾಕ್ಟರು ಕಾಯಲಿಲ್ಲ. ನರ್ಸುಗಳು ಸೀರೆ ಕತ್ತರಿಸಿ ತೆಗೆದರು, ಗ್ಲೌಸು ಹಾಕಿಕೊಂಡು ಸೋಪು ಹಚ್ಚಿ ಅವಳ ಕೈಕಾಲು ತೊಳೆದರು. ಬಂದ ಕೂಡಲೇ ಆಗಬೇಕಿದ್ದ ಕೆಲಸ. ಅಷ್ಟು ಹೊತ್ತೂ ಆ ಸೀರೆ ಅವಳಿಗೆ ವಿಷ ಉಣಿಸುತ್ತಲೇ ಇತ್ತು. ಮಧ್ಯಾಹ್ನ ಉಸಿರಾಟದ ಯಂತ್ರ ಹಾಕಿದರು. ಸಂಜೆ ಅದನ್ನೂ ತೆಗೆದರು.

ಹೆಣ ತರುವ ಗಾಡಿ ಹರಿಹರದ ದಾರಿಯಲ್ಲಿ ಬಾತಿ ಊರು ದಾಟುವವರೆಗೂ ನಾನು ತಡೆದುಕೊಂಡೆ. ಅಷ್ಟು ದಿನ ಗೆದ್ದ ವಾದಗಳೆಲ್ಲ ನನಗೆ ಅವತ್ತು ಹೇಸಿಗೆ ಹುಟ್ಟಿಸಿದ್ದವು. ಒಂದೂ ಅವಳನ್ನು ಉಳಿಸಲಿಲ್ಲ. ಕಡೆಗೆ ಎದುರಿಗೆ ಕೂತಿದ್ದ ಚಿಕ್ಕಪ್ಪನನ್ನೇ ಕೇಳಿದೆ.

"ಚೆಲ್ಲಿದ್ದು ನೋಡಿದೋರು ನೀವು. ಸಾರಿಸಿದ್ದು ನೋಡಿದೋರೂ ನೀವೇ. ಪಕ್ಕದ ಮನೆಯೋರು 'ಕುಡಿದಾಳೆ' ಅಂದಾಗ ಯಾಕ ಸುಮ್ಮನಿದ್ರಿ, ಚಿಕ್ಕಪ್ಪ?"