ಸತ್ತ ಹಲ್ಲಿನ ನೋವು

ಒಂದು ಕಾಲಕ್ಕೆ ನನ್ನ ಬಾಯಲ್ಲಿ, ಮೇಲಿನ ಸಾಲಿನ ಎಡಕ್ಕೆ, ಒಂದು ದವಡೆ ಹಲ್ಲು ಸತ್ತಿತ್ತು. ಹಾಗೆಂದು ಡಾಕ್ಟರು ಹೇಳಿದ್ದರು. ನನಗಂತೂ ಮನೆಯಲ್ಲಿ ಅದರಷ್ಟು ಚುರುಕಾಗಿದ್ದವರು ಇನ್ನೊಬ್ಬರು ಕಂಡಿರಲಿಲ್ಲ. ಬೆಳಗಿನ ಚಹಾಕ್ಕೆ ನನಗಿಂತ ಮೊದಲು ಅದೇ ಎಚ್ಚರವಾಗುತ್ತಿತ್ತು.

ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳು ಅಣಬೆಗಳ ಹಾಗೆ ಏಳುತ್ತಿದ್ದ ವರ್ಷಗಳವು. ಹಿಮಾಯತ್‌ನಗರದಲ್ಲಿ ಒಂದು ಸೀರೆ ಅಂಗಡಿ ಮುಚ್ಚಿದರೆ ಅಲ್ಲೊಂದು ಹಲ್ಲಿನ ಆಸ್ಪತ್ರೆ ತೆರೆಯುತ್ತಿತ್ತು. ಪರದೇಶಕ್ಕೆ ಹೊರಟ ಹುಡುಗರಿಗೆ ವೀಸಾಕ್ಕಿಂತ ಮೊದಲು ಹಲ್ಲು ನೆಟ್ಟಗಾಗಬೇಕಿತ್ತು. ಬಾಲಾನಗರದ ಕಾರ್ಖಾನೆಯ ಗ್ರೀಸು ಮೆತ್ತಿದ ಅಂಗಿಯಲ್ಲಿ ನಾನೂ ಅಂಥದೊಂದು ಗಾಜಿನ ಬಾಗಿಲ ಮುಂದೆ, ತಳ್ಳಬೇಕೋ ಎಳೆಯಬೇಕೋ ತಿಳಿಯದೆ ನಿಂತೆ. ಒಳಗಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ಬಹಳ ನಗುಮುಖದವರು. ಹಲ್ಲಿನ ನರ ತೆಗೆದು, ಸಿಮೆಂಟು ತುಂಬಿ, ಮೇಲೊಂದು ಟೊಪ್ಪಿಗೆ ಕೂರಿಸಿ, ಕೆಲಸ ಮುಗಿಯಿತು ಎಂದರು.

ನೋವು ಮುಗಿಯಲಿಲ್ಲ. ಮತ್ತೆ ಹೋದೆ.

“ನರಮೇ ಲೇದು ಕದಾ ಅಂಕಲ್, ನೊಪ್ಪಿ ಎಕ್ಕಡ್ನುಂಚಿ ವಸ್ತುಂದಿ?” ಎಂದು ಡಾಕ್ಟರು ತೆಲುಗಿನಲ್ಲಿ ನಕ್ಕರು. ನರವೇ ಇಲ್ಲದ ಮೇಲೆ ನೋವು ಎಲ್ಲಿಂದ ಬರಬೇಕು? ಎಕ್ಸ್‌ರೇಯನ್ನು ಕಂಪ್ಯೂಟರಿನ ಪರದೆಯ ಮೇಲೆ ಊಟದ ತಟ್ಟೆಯಷ್ಟು ದೊಡ್ಡದು ಮಾಡಿ ತೋರಿಸಿದರು. ಒಂದೊಂದು ಹಲ್ಲನ್ನೂ ಬಡಿದು ನೋಡಿದರು. ಮನೆಯಲ್ಲಿ ರಂಪ ಮಾಡಿ ಮಾಸ್ತರರ ಮುಂದೆ ಕೈಕಟ್ಟಿ ನಿಲ್ಲುವ ಪೋರನ ಹಾಗೆ, ಆ ಕುರ್ಚಿಯಲ್ಲಿ ಕೂತೊಡನೆ ನನ್ನ ಹಲ್ಲು ತೆಪ್ಪಗಾಗುತ್ತಿತ್ತು. ದೇಹ ಬಿಟ್ಟ ಆತ್ಮಕ್ಕೆ ನೋವಿಲ್ಲ ಎಂದು ನಮ್ಮ ಹಿರಿಯರು ಧಾರಾಳವಾಗಿ ಹೇಳಿದ್ದಾರೆ. ಆತ್ಮ ಹೋದ ಮೇಲೆ ದೇಹದ ಗತಿ ಏನು ಎಂದು ಕೇಳಿದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ.

ಹೆಂಡತಿ ಶಾಂತಾ ಡಾಕ್ಟರ ಪಕ್ಷ ಸೇರಿದಳು. “ಫೋಟೋದಾಗ ಎಲ್ಲಾ ಚಂದ ಐತಿ ಅಂತಾರ. ನಿಮ್ಮ ತಲ್ಯಾಗ ಏನರ ಆಗಿರಬೇಕ್ರಿ” ಎಂದಳು. ನೋವನ್ನಾದರೂ ಹಲ್ಲು ಕಚ್ಚಿ ತಡೆಯಬಹುದಿತ್ತು, ಆ ಹಲ್ಲೇ ಸರಿಯಿದ್ದಿದ್ದರೆ. ಆದರೆ ಸ್ವಂತ ಮನೆಯಲ್ಲಿ ಸುಳ್ಳುಗಾರನಾಗುವುದು ನನಗೆ ಉರಿ ತರಿಸಿತು. ಒಬ್ಬರಾದರೂ ‘ಹೌದಪ್ಪಾ, ನಿನಗೆ ನೋವಿದೆ’ ಅನ್ನಲಿ ಎಂಬುದೇ ನನ್ನ ಹಟವಾಯಿತು.

ದಾರಿ ತೋರಿಸಿದವಳು ಮಗಳು. ಅವಳಿಗೆ ಮಾದಾಪುರದ ಕಂಪನಿಯೊಂದರಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. “ಅಪ್ಪಾ, ನಮ್ಮಲ್ಲೂ ಹಂಗ. ತಪ್ಪು ಕಣ್ಣ ಮುಂದ ಬಂದ್ರಷ್ಟ ತಪ್ಪು. ಇಲ್ಲಂದ್ರ ಏನೂ ಇಲ್ಲ ಅಂತ ಮುಚ್ಚಿಬಿಡ್ತೀವಿ. ನೀ ಅವರ ಮುಂದ ನೋಯಿಸಿ ತೋರಸು.” ಇಂಥವರ ಕೈಗೆ ಜಗತ್ತಿನ ಬ್ಯಾಂಕುಗಳನ್ನೆಲ್ಲ ಕೊಟ್ಟಿದ್ದಾರಲ್ಲ ಎಂದು ಗಾಬರಿಯಾಯಿತಾದರೂ ಸಲಹೆ ಹಿಡಿಸಿತು.

ಕಲಬುರ್ಗಿಯಿಂದ ಅತ್ತಿಗೆ ಕಳಿಸಿದ್ದ ಕಡಕ್ ಜೋಳದ ರೊಟ್ಟಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದೆ. ಕುರ್ಚಿಯಲ್ಲಿ ಒರಗಿ, ಡಾಕ್ಟರು ‘ಬಾಯಿ ತೆಗೀರಿ’ ಅನ್ನುವ ಮೊದಲೇ ಗಂಟು ಬಿಚ್ಚಿ, ಎಡಕ್ಕೆ ಇಟ್ಟು ಕಡಿದೆ. ಕಟ್ ಎಂಬ ಸದ್ದಿಗೆ ಹೊರಗೆ ಕೂತವರೂ ಇಣುಕಿದರು. ಮರುಕ್ಷಣ ದವಡೆಯಿಂದ ನೆತ್ತಿಯವರೆಗೆ ಮಿಂಚು ಹರಿಯಿತು.

“ಬಂತ್ರಿ! ಅಯ್ಯೋ, ಬಂತು ನೋಡ್ರಿ!” ಎಂದು ಕೂಗಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಡಾಕ್ಟರು ಟೊಪ್ಪಿಗೆ ತೆಗೆದು ಕೆದಕಿದರು. ಮೂರು ಕಡೆ ನರ ತೆಗೆದಿದ್ದರು, ನಾಲ್ಕನೆಯದೊಂದು ಸಂದಿಯಲ್ಲಿ ಅಡಗಿ ಕೂತಿತ್ತು. ಕ್ಷಮೆ ಕೇಳುತ್ತಾರೆಂದು ಕಾದೆ. “ಎಲ್ಲರಿಗೂ ಹೀಗಿರಲ್ಲ ಅಂಕಲ್, ನಿಮ್ಮ ಹಲ್ಲು ಸ್ಪೆಷಲ್” ಎಂದು ತೆಲುಗಿನಲ್ಲೇ ಅಭಿನಂದಿಸಿದರು! ಕಂಬಿ ಇನ್ನೂ ಹೊರಗೆ ಕಾಣುವ ಅರೆಬರೆ ಮೇಲ್ಸೇತುವೆಗೂ ರಿಬ್ಬನ್ ಕತ್ತರಿಸುತ್ತಿದ್ದ ಊರಲ್ಲಿ ನನ್ನ ಹಲ್ಲಿನದೇನು ದೊಡ್ಡ ಮಾತು ಎಂದು ನಾನೂ ಮತ್ತೆ ಬಾಯಿ ತೆರೆದೆ.

ನಾಲ್ಕನೆಯದಕ್ಕೂ ಸಿಮೆಂಟು ಬಿತ್ತು. ಶಾಂತಾ ಕಲಬುರ್ಗಿಗೆ ಫೋನು ಮಾಡಿ, “ಪಾಪ, ಇವರಿಗೆ ಖರೇನ ನೋವು ಇತ್ತಂತ” ಎಂದು ಬಳಗಕ್ಕೆಲ್ಲ ಹೇಳಿದಳು. ಪಕ್ಕದಲ್ಲಿ ಕೂತು ನಾನು ಉಬ್ಬಿಹೋದೆ. ಕೆಲವು ದಿನ ಸೋಫಾದ ಮೇಲೆ ಮಹಾರಾಜನಂತೆ ಕೂತು ಮೆತ್ತನೆಯ ಉಪ್ಪಿಟ್ಟು ತಿಂದೆ.

ಆಮೇಲೊಂದು ಭಾನುವಾರ, ಉಪ್ಪಿಟ್ಟಿನ ನಡುವೆಯೇ, ಎಡಕ್ಕೆ ಸಣ್ಣಗೆ ಚುಳ್ ಎಂದಿತು. ಅದೇ ಜಾಗ. ತುತ್ತು ಬಾಯಲ್ಲೇ ನಿಂತಿತು.

“ಈಗ ಹೆಂಗೈತ್ರಿ ಹಲ್ಲು?” ಎಂದಳು ಶಾಂತಾ. ಮಗಳೂ ತಲೆಯೆತ್ತಿದಳು.

“ಭಾಳ ಆರಾಮ ಐತಿ” ಎಂದೆ.

ನಿಜ ಹೇಳಿದಾಗ ಅಷ್ಟೆಲ್ಲ ಸಾಕ್ಷಿ ಕೇಳಿದ ಇಬ್ಬರೂ ಇದನ್ನು ತಕ್ಷಣ ನಂಬಿದರು.