ಒಂದು ಕಣ್ಣು ಮುಚ್ಚಿ ನೋಡುವವನು

ಹೈದರಾಬಾದಿನ ಕೊಂಡಾಪುರದಲ್ಲಿ ದಿನಕ್ಕೊಂದು ಕಟ್ಟಡ ಏಳುತ್ತಿದ್ದ ಕಾಲ. ಕಂಪ್ಯೂಟರ್ ಕೆಲಸದ ಇಬ್ಬರು ಹುಡುಗಿಯರಿಗೆ ನಾನು ಅಡುಗೆ ಮಾಡಿ ಹಾಕುತ್ತಿದ್ದೆ. ಒಬ್ಬಳು ಮೈಸೂರಿನವಳು, ಒಬ್ಬಳು ಮಂಗಳೂರಿನವಳು. ಮೂರನೇ ಮಹಡಿ ಅವರದು, ಕೆಳಗೆ ವಾಚ್‌ಮನ್ ಪಕ್ಕದ ಕೋಣೆ ನನ್ನದು. ನಾನು ಓದಿದ್ದು ಎರಡನೇ ಇಯತ್ತೆ. ಅಡುಗೆಗೆ ಬರುವ ಮೊದಲು ಇಪ್ಪತ್ತು ವರ್ಷ ಇದೇ ಊರಿನಲ್ಲಿ ಗಾರೆ ಬುಟ್ಟಿ ಹೊತ್ತಿದ್ದೆ. ಕತ್ತು ಗಟ್ಟಿಯಾಯಿತು. ಬಾಯಿ ಮೊದಲೇ ಗಟ್ಟಿ ಇತ್ತು.

ಆ ಹುಡುಗಿಯರಿಗೊಂದು ಹುಚ್ಚು. ಸಾಲುಸಾಲಾಗಿ ಕೊಲೆ ಮಾಡಿ, ಸಿಕ್ಕಿಬೀಳದೆ ಮಾಯವಾದವರ ಕಥೆ ಬೇಕು. ಆಫೀಸಿನಲ್ಲಿ ಪ್ರಿಂಟ್ ತೆಗೆದು ತರುತ್ತಿದ್ದರು. ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ನನ್ನ ಬಾಗಿಲ ಮುಂದೆ ಕೂತು, ಸುಲ್ತಾನ್ ಬಜಾರಿನಲ್ಲಿ ಸೀರೆ ಹರವಿದಂತೆ ಕೊಲೆಗಾರರನ್ನು ಹರವಿ, ಯಾವನು ಮೇಲು ಎಂದು ವಾದಿಸುತ್ತಿದ್ದರು. ನಾನು ಹುಣಸೆ ಬೀಜ ಬಿಡಿಸುತ್ತ ಕೇಳುತ್ತಿದ್ದೆ.

ಮೈಸೂರಿನವಳಿಗೆ ನೂರು ವರ್ಷಕ್ಕೂ ಹಿಂದಿನ ಲಂಡನ್ನಿನವನು ಬೇಕು, ಚಾಕುವಿನವನು. ಮಂಗಳೂರಿನವಳಿಗೆ ಅಮೆರಿಕದವನು. ಅವನು ಕೊಂದದ್ದಲ್ಲದೆ ಪತ್ರಿಕೆಯವರಿಗೆ ಸುಲಭಕ್ಕೆ ಓದಲಾಗದ ಗುಪ್ತ ಲಿಪಿಯಲ್ಲಿ ಕಾಗದ ಬರೆಯುತ್ತಿದ್ದನಂತೆ. ಕೊನೆಗೆ ನಮ್ಮ ದೇಶದವನೊಬ್ಬ, ಕಲ್ಕತ್ತದ ಫುಟ್‌ಪಾತಿನಲ್ಲಿ ಮಲಗಿದವರ ತಲೆಯ ಮೇಲೆ ಕಲ್ಲು ಎತ್ತಿಹಾಕಿದವನು.

"ಅಜ್ಜಿ, ಇವರಲ್ಲಿ ಯಾರು ಜಾಸ್ತಿ ಬುದ್ಧಿವಂತ ಹೇಳಿ" ಎಂದಳು ಮೈಸೂರಿನವಳು.

"ಒಬ್ಬನೂ ಅಲ್ಲ. ಹುಡುಕಾಕ ಹ್ವಾದವರು ದಡ್ಡರಿದ್ರು, ಅಷ್ಟ."

"ಎಂತದು ಅಜ್ಜಿ, ಒಂದೇ ಮಾತಿಗೆ ಕೇಸ್ ಕ್ಲೋಸ್ ಮಾಡ್ತೀರಲ್ಲ!" ಎಂದು ಮಂಗಳೂರಿನವಳು ನಕ್ಕಳು.

"ಸಿಗಲಿಲ್ಲ ಅಂತೀರಿ. ಹಂಗಾರ ಪೊಲೀಸರು ಯಾರನ್ನ ಹಿಡದ್ರು?"

ಹಾಳೆ ತಿರುವಿದರು. ಲಂಡನ್ನಿನಲ್ಲಿ ಚರ್ಮದ ಕೆಲಸದವನ ಮೇಲೆ ಅನುಮಾನ, ಹೊರಗಿನಿಂದ ಬಂದವರ ಮೇಲೆ ಅನುಮಾನ. ಕಲ್ಕತ್ತದಲ್ಲಿ ಬೀದಿಯಲ್ಲಿ ತಿರುಗುವವರನ್ನು ಹಿಡಿದು ಬಿಟ್ಟರು. ಅಮೆರಿಕದವನದಂತೂ ಅನುಮಾನದವರ ಪಟ್ಟಿಯೇ ಎರಡು ಹಾಳೆ.

"ನೋಡ್ರಿ, ಕಾಲ ಬ್ಯಾರೆ, ಊರು ಬ್ಯಾರೆ, ಹತಾರ ಬ್ಯಾರೆ. ಒದಿ ತಿನ್ನಾಂವ ಮಾತ್ರ ಹೊರಗಿನಾಂವ, ಹೊಲಸು ಅಂಗಿಯಾಂವ" ಎಂದೆ.

ನನಗೆ ಈ ವಿಷಯ ಸುಮ್ಮನೆ ಗೊತ್ತಾದದ್ದಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಹೊಳೆಗೆ ಸೇತುವೆ ಕಟ್ಟುತ್ತಿದ್ದರು. ಕಂಬ ನಿಲ್ಲಬೇಕಾದರೆ ಮಕ್ಕಳ ಬಲಿ ಬೇಕು, ಹಿಡಿಯುವವನೊಬ್ಬ ಚೀಲ ಹೊತ್ತು ಬರುತ್ತಾನೆ ಎಂದು ನಮ್ಮವ್ವ ಹೆದರಿಸುತ್ತಿದ್ದಳು. ಅವನೂ ಸಿಕ್ಕಲಿಲ್ಲ. ಇದ್ದರೆ ತಾನೆ ಸಿಗುವುದು! ಮುಂದೆ ನಾನು ಹೈದರಾಬಾದಿಗೆ ಬಂದು ಫ್ಲೈಓವರಿನ ಕೆಲಸಕ್ಕೆ ನಿಂತೆ. ಆಗ ಒಬ್ಬಳು ತಾಯಿ ನನ್ನ ಕಡೆ ಬೆರಳು ಮಾಡಿ, ಊಟ ಮಾಡದಿದ್ದರೆ ಅವಳು ನಿನ್ನನ್ನು ಕಂಬದೊಳಗೆ ಹಾಕುತ್ತಾಳೆ ಎಂದು ಮಗುವಿಗೆ ತೆಲುಗಿನಲ್ಲಿ ಹೇಳಿದಳು. ಮಗು ಗಬಗಬ ತಿಂದಿತು. ನಾನೂ ಕಣ್ಣು ದೊಡ್ಡದು ಮಾಡಿ ಸಹಾಯ ಮಾಡಿದೆ.

ಇದನ್ನೆಲ್ಲ ಹೇಳಿ ನಗಿಸಿದ ಮುಂದಿನ ಭಾನುವಾರವೇ ಇಬ್ಬರೂ ಕಾಗದ ಹಿಡಿದು ಬಂದರು. ಹಿಮಾಯತ್‌ನಗರದಲ್ಲಿದ್ದ ಮನೆ ಮಾಲೀಕರಿಗೆ ಬರೆದದ್ದು. ಪಕ್ಕದ ಸೈಟಿನ ಕೂಲಿಯವನೊಬ್ಬ ಎಂಟು ದಿನದಿಂದ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಬರುತ್ತಾನೆ, ಒಂದು ಕಣ್ಣು ಮುಚ್ಚಿ ಇವರು ನಿಂತ ಕಡೆಯೇ ನೋಡುತ್ತಾನೆ, ಕೈಯಲ್ಲಿ ಹಗ್ಗ ಇರುತ್ತದೆ. ನಾನೂ ಸಹಿ ಹಾಕಬೇಕಂತೆ.

ಮಾಲೀಕರು ಮುಂಗೋಪಿ. ಒಂದು ಮಾತು ಹೇಳಿದರೆ ಸಾಕು, ಸೈಟಿನವರು ಅವನ ಹೆಂಡತಿ, ಪಾತ್ರೆ, ಗುಡಿಸಲ ತಗಡು ಎಲ್ಲವನ್ನೂ ಅದೇ ದಿನ ರಸ್ತೆಗೆ ಹಾಕುತ್ತಾರೆ. ಪೊಲೀಸರ ಏಟು ಬೇರೆ. ಅಂಥ ಗುಡಿಸಲಲ್ಲಿ ಇದ್ದವಳು ನಾನು.

"ನಾಳಿ ಮುಂಜಾನಿ ನಾ ನೋಡ್ತೀನಿ. ಆಮ್ಯಾಲ ಸೈ."

"ಅಷ್ಟರಲ್ಲಿ ನಮ್ಮನ್ನ ಸಾಯಿಸಿಬಿಟ್ರೆ?"

"ಸತ್ತ ಮ್ಯಾಲ ಎರಡು ಸೈ ಹಾಕ್ತೀನಿ, ಹೋಗ್ರಿ."

ಸೋಮವಾರ ಸೌಟು ಹಿಡಿದೇ ಗೇಟಿಗೆ ಹೋದೆ. ಹುಡುಗಿಯರು ಆಫೀಸಿನ ಗಾಡಿಗಾಗಿ ಕಾಂಪೌಂಡ್ ಗೋಡೆಗೆ ಒರಗಿ ನಿಂತಿದ್ದರು. ಅವನು ಬಂದ. ಒಂದು ಕಣ್ಣು ಮುಚ್ಚಿದ. ಕೈ ಎತ್ತಿದ. ಕೈಯಿಂದ ದಾರ ಇಳಿಯಿತು, ದಾರದ ತುದಿಗೆ ಕಬ್ಬಿಣದ ಗುಂಡು. ಗೌಂಡಿಗಳು ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವ ತೂಕಗುಂಡು! ನನಗೆ ನಗು ತಡೆಯಲಾಗಲಿಲ್ಲ.

"ಏ ತಮ್ಮಾ, ಯಾವ ಕಡಿಯಾಂವ?"

"ಸುರಪುರ ಕಡಿಯಾಂವ್ರಿ ಆಯಿ. ಅಯ್ಯ, ನೀವು ಕನ್ನಡದವರೇನ್ರಿ! ನಿಮ್ಮ ವಾಚ್‌ಮನ್‌ಗೆ ತೆಲುಗಿನ್ಯಾಗ ಹೇಳೀನಿ, ಹಿಂದಿಯಾಗ ಹೇಳೀನಿ. ಕೋಲು ತಗೊಂಡು ಬರ್ತಾನ್ರಿ."

"ಏನಂತ ಹೇಳಿದಿ?"

"ನಿಮ್ಮ ಗ್ವಾಡಿಗೆ ಹೊಟ್ಟಿ ಬಂದೈತ್ರಿ. ನಮ್ಮ ಸೈಟಿನ್ಯಾಗ ಪಾಯ ತೋಡ್ಯಾರಲ್ರಿ, ಇದರ ಬುಡದ ಮಣ್ಣು ಜರದೈತಿ. ದಿನಾ ಒಂದೀಟು ವಾಲಾಕತ್ತೈತಿ. ನಮ್ಮ ಸೈಟಿನ ಮುಕದ್ದಮಗ ಹೇಳಿದ್ರ ನಿನ್ನ ಕೆಲಸ ನೀ ನೋಡ್ಕೊ ಅಂತಾನ. ಸೊಟ್ಟ ಗ್ವಾಡಿ ಕಂಡ್ರ ನನಗ ಊಟ ಸೇರಂಗಿಲ್ರಿ. ಆ ಅಕ್ಕಾರು ನೋಡಿದ್ರ ಅದಕ್ಕ ಬೆನ್ನು ಕೊಟ್ಟು ನಿಂತಾರ!"

ಗೋಡೆಯ ನೆತ್ತಿಗೆ ದಾರ ಹಿಡಿದು ತೋರಿಸಿದ. ಕೆಳಗೆ ದಾರಕ್ಕೂ ಗೋಡೆಗೂ ನಡುವೆ ನಾಲ್ಕು ಬೆರಳು ಸಂದು. ಇಪ್ಪತ್ತು ವರ್ಷ ಗಾರೆ ಹೊತ್ತ ನಾನು ಅದೇ ಗೋಡೆಯ ಮೇಲೆ ದಿನಾ ಒದ್ದೆ ಸೀರೆ ಹರವುತ್ತಿದ್ದೆ. ನನ್ನ ಎರಡು ಕಣ್ಣಿಗೂ ಕಾಣದ್ದು ಅವನ ಒಂದು ಕಣ್ಣಿಗೆ ಕಂಡಿತ್ತು.

"ಬರ್ರೆವ್ವಾ ಈಚೆ! ಮಂದಿ ಕೊಲ್ಲೋದು ನಿಮ್ಮ ಬೆನ್ನ ಹಿಂದೈತಿ" ಎಂದೆ.

ಮೈಸೂರಿನವಳು ಹಾರಿದ ರಭಸಕ್ಕೆ ಚಪ್ಪಲಿ ಅಲ್ಲೇ ಉಳಿಯಿತು. ಅದನ್ನು ತರಲು ಯಾರೂ ಹೋಗಲಿಲ್ಲ. ಗೌಂಡಿಯೇ ಕೋಲಿನಿಂದ ಎಳೆದು ಕೊಟ್ಟ. ಅವಳ ಮುಖ ಕೆಂಪಾಯಿತು. ಚೀಲದಿಂದ ಕಾಗದ ತೆಗೆದು ಹರಿದಳು. ಗಾಡಿ ಬರುವುದರೊಳಗೆ ಮಾಲೀಕರಿಗೆ ಬೇರೆ ಬರೆದಳು, ಗೋಡೆಯ ಬಗ್ಗೆ. ಅದಕ್ಕೆ ನಾನು ಸಹಿ ಹಾಕಿದೆ.

ಮಾಲೀಕರು ಗೊಣಗುತ್ತಲೇ ಬಂದರು. ಎರಡು ಹಾರೆ ಪೆಟ್ಟಿಗೆ ಗೋಡೆ ಪೂರ್ತಿ ಮಲಗಿತು, ಅವರ ಗೊಣಗಾಟವೂ ನಿಂತಿತು. ಸೈಟಿನವರನ್ನು ಕರೆದು, ಹೊಸ ಗೋಡೆಯನ್ನು ಈ ಗೌಂಡಿಯೇ ಕಟ್ಟಬೇಕು ಎಂದು ತಾಕೀತು ಮಾಡಿದರು. ಅವನ ಕೆಲಸವೂ ಉಳಿಯಿತು, ಗುಡಿಸಲೂ ಉಳಿಯಿತು. ಭಾನುವಾರದ ಕೊಲೆಗಾರರನ್ನೇನೂ ಹುಡುಗಿಯರು ಬಿಡಲಿಲ್ಲ. ನಾನೂ ಬಿಡಿ ಎನ್ನಲಿಲ್ಲ.

ಗೋಡೆ ಎದೆಮಟ್ಟ ಎದ್ದ ದಿನ ಮೈಸೂರಿನವಳು ತಾನೂ ನೋಡುತ್ತೇನೆಂದು ದಾರ ಇಸಿದುಕೊಂಡಳು. ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿ, ತುಂಬ ಹೊತ್ತು ನೋಡಿದಳು.

"ಇಲ್ಲಿ ಸ್ವಲ್ಪ ಸೊಟ್ಟ ಇದೆ ಅಲ್ವಾ?"

ಗೌಂಡಿ ಬಾಯಿಗೆ ಟವೆಲ್ ಅಡ್ಡ ಹಿಡಿದ. "ಗ್ವಾಡಿ ಬರೋಬ್ಬರಿ ಐತ್ರಿ ಅಕ್ಕಾರ. ನೀವು ನೆಟ್ಟಗ ನಿಂದರ್ರಿ."